ಎಂಟು ವರ್ಷ ಮೊದಲೇ ವಾಪಸ್ ಹೋದ ಪಾಂಡಾಗಳು: ಫಿನ್‌ಲ್ಯಾಂಡ್‌ನ ಒಂದು ಪ್ರಕರಣ

2024ರ ನವೆಂಬರ್‌ನಲ್ಲಿ ಫಿನ್‌ಲ್ಯಾಂಡ್‌ನ ಅಹ್ತಾರಿ ಮೃಗಾಲಯ ತನ್ನಲ್ಲಿದ್ದ ಎರಡು ಪಾಂಡಾಗಳನ್ನು ಚೀನಾಕ್ಕೆ ವಾಪಸ್ ಕಳಿಸಿತು. ಚೀನಾದಿಂದ ಅವನ್ನು ಎರವಲು ತರುವ ಒಪ್ಪಂದ ಆಗಿದ್ದು 15 ವರ್ಷಕ್ಕೆ. ಅವು ಅಲ್ಲಿ ಇದ್ದದ್ದು ಏಳು ವರ್ಷಕ್ಕೂ ಕಡಿಮೆ. ಎರಡು ದೇಶಗಳ ನಡುವೆ ಜಗಳ ಆಗಿರಲಿಲ್ಲ. ಸಾಕುವ ಖರ್ಚು ಮೃಗಾಲಯದ ಕೈ ಮೀರಿತ್ತು.

'ದುಡ್ಡಿಲ್ಲದವರು ಯಾಕೆ ತರಿಸಬೇಕಿತ್ತು' ಎಂದು ಒಂದೇ ಮಾತಲ್ಲಿ ಇದನ್ನು ಮುಗಿಸಿಬಿಡಬಹುದು. ಆದರೆ ಆ ಮೃಗಾಲಯದವರು ದಡ್ಡರೇನಲ್ಲ. ಒಂದೊಂದು ತೀರ್ಮಾನವೂ ತೆಗೆದುಕೊಂಡ ದಿನಕ್ಕೆ ಸರಿಯಾಗಿಯೇ ಕಾಣುತ್ತಿತ್ತು. ಹಾಗಾಗಿಯೇ ಈ ಪ್ರಕರಣ ಪ್ರಾಣಿ ಸಾಕುವ ಯಾವುದೇ ಸಂಸ್ಥೆಯವರು ಕೂತು ಓದಬೇಕಾದ್ದು ಎಂದು ನನಗೆ ಅನಿಸುತ್ತದೆ. ಮೃಗಾಲಯದ ಹೆಸರು, ಒಪ್ಪಂದದ ವಿಷಯ, ಖರ್ಚಿನ ಅಂಕಿ ಎಲ್ಲವೂ ಸುದ್ದಿಯಲ್ಲಿ ಬಂದಿರುವುದೇ. ಅಲ್ಲಿ ದುಡಿದ ಪಾಲಕರು, ವೈದ್ಯರು, ಆಡಳಿತ ಮಂಡಳಿಯವರ ಹೆಸರು ಮಾತ್ರ ಇಲ್ಲಿ ಹಾಕಿಲ್ಲ. ಪಾಲಕರ ಕೆಲಸದ ಬಗ್ಗೆ ಬರೆದಿರುವುದು ಎಲ್ಲ ಕಡೆ ಪಾಂಡಾ ಸಾಕುವವರು ಮಾಡುವ ಕೆಲಸ. ಯಾರೋ ಒಬ್ಬರ ದಿನಚರಿ ಅಲ್ಲ.

ಊರು, ಒಪ್ಪಂದ

ಅಹ್ತಾರಿ ಇರುವುದು ಫಿನ್‌ಲ್ಯಾಂಡ್‌ನ ಮಧ್ಯಭಾಗದಲ್ಲಿ. ರಾಜಧಾನಿ ಹೆಲ್ಸಿಂಕಿಯಿಂದ ಉತ್ತರಕ್ಕೆ ಸುಮಾರು 330 ಕಿಲೋಮೀಟರ್. ಊರಿನ ಜನಸಂಖ್ಯೆ ಸುಮಾರು 5,500. ನಮ್ಮ ಕಡೆ ಒಂದು ದೊಡ್ಡ ಹೋಬಳಿ ಊರಿನಷ್ಟು. ಅಲ್ಲಿನ ಮೃಗಾಲಯ ಶುರುವಾಗಿದ್ದು 1973ರಲ್ಲಿ. ಕರಡಿ, ತೋಳ, ಲಿಂಕ್ಸ್ ಎಂಬ ಕಾಡುಬೆಕ್ಕು, ಮೂಸ್ ಎಂಬ ದೊಡ್ಡ ಜಿಂಕೆ ಹೀಗೆ ಉತ್ತರದ ಕಾಡಿನ ಪ್ರಾಣಿಗಳಿಗೆ ಅದು ಹೆಸರುವಾಸಿ. ಆ ಚಳಿಗೆ ಹುಟ್ಟಿದ ಪ್ರಾಣಿಗಳು, ಆ ಕಾಡಿನಲ್ಲೇ ದೊಡ್ಡ ದೊಡ್ಡ ಆವರಣಗಳು. ಇದ್ದದ್ದರಲ್ಲಿ ಚೆನ್ನಾಗಿ ನಡೆಸಿಕೊಂಡು ಬಂದಿದ್ದರು.

2017ಕ್ಕೆ ಫಿನ್‌ಲ್ಯಾಂಡ್ ಸ್ವತಂತ್ರವಾಗಿ 100 ವರ್ಷ. ಆ ವರ್ಷ ಏಪ್ರಿಲ್‌ನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅಲ್ಲಿಗೆ ಭೇಟಿ ಕೊಟ್ಟರು. ಪಾಂಡಾ ಸಂರಕ್ಷಣೆಯ ಒಪ್ಪಂದಕ್ಕೆ ಸಹಿ ಬಿತ್ತು. 2018ರ ಜನವರಿಯಲ್ಲಿ ಒಂದು ಹೆಣ್ಣು, ಒಂದು ಗಂಡು ಪಾಂಡಾ ಸಿಚುವಾನ್‌ನಿಂದ ವಿಮಾನದಲ್ಲಿ ಬಂದವು. ಚೀನಾದಲ್ಲಿ ಅವುಗಳ ಹೆಸರು ಜಿನ್ ಬಾವೋಬಾವೋ ಮತ್ತು ಹುವಾ ಬಾವೋ. ಫಿನ್‌ಲ್ಯಾಂಡ್‌ನವರು ಲುಮಿ, ಪ್ಯುರಿ ಎಂದು ಕರೆದರು. ಅವುಗಳಿಗಾಗಿ ಕಟ್ಟಿದ ಮನೆಗೆ 80 ಲಕ್ಷ ಯೂರೋಗಿಂತ ಜಾಸ್ತಿ ಖರ್ಚಾಯಿತು. ನಮ್ಮ ಲೆಕ್ಕದಲ್ಲಿ 70 ಕೋಟಿ ರೂಪಾಯಿ ದಾಟುತ್ತದೆ.

ಈ ಎರವಲು ಪದ್ಧತಿ ಹೇಗೆ ಬಂತು ಎಂದು ಸ್ವಲ್ಪ ಹೇಳಬೇಕು. ಮೊದಲು ಚೀನಾ ಪಾಂಡಾಗಳನ್ನು ಉಡುಗೊರೆಯಾಗಿಯೇ ಕೊಡುತ್ತಿತ್ತು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿ ಬಂದ ಮೇಲೆ ಲಿಂಗ್ ಲಿಂಗ್, ಶಿಂಗ್ ಶಿಂಗ್ ಎಂಬ ಜೋಡಿ ವಾಷಿಂಗ್ಟನ್‌ಗೆ ಬಂದದ್ದು ಹಾಗೆ. 1980ರ ದಶಕದಲ್ಲಿ ಉಡುಗೊರೆ ನಿಂತಿತು, ಬಾಡಿಗೆ ಶುರುವಾಯಿತು. ಕೆಲವು ತಿಂಗಳಿಗೆ ಒಂದು ಮೃಗಾಲಯ, ಆಮೇಲೆ ಇನ್ನೊಂದು, ಹೀಗೆ ಪಾಂಡಾಗಳು ಊರೂರು ಸುತ್ತಿದವು. ಮರಿ ಹಾಕುವ ವಯಸ್ಸಿನ ಪ್ರಾಣಿಗಳನ್ನು ಹೀಗೆ ಜಾತ್ರೆಗೆ ಕರೆದೊಯ್ದಂತೆ ಸುತ್ತಿಸುವುದು ಸರಿಯಲ್ಲ ಎಂದು ಸಂರಕ್ಷಣೆಯವರು ಅಮೆರಿಕದಲ್ಲಿ ಕೋರ್ಟಿಗೂ ಹೋದರು. 1990ರ ದಶಕದಿಂದ ದೀರ್ಘಾವಧಿಯ ಒಪ್ಪಂದಗಳು ಬಂದವು. ಸಾಮಾನ್ಯವಾಗಿ ಹತ್ತು ವರ್ಷ, ಒಂದು ಜೋಡಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಶುಲ್ಕ. ಈ ಹಣ ಚೀನಾದ ಪಾಂಡಾ ಸಂರಕ್ಷಣೆಗೆ ಹೋಗಬೇಕು ಎಂಬುದು ಒಪ್ಪಂದದ ಮಾತು.

ನಮ್ಮ ಹಳ್ಳಿಗಳಲ್ಲಿ ಹಸುವನ್ನೋ ಮೇಕೆಯನ್ನೋ ಪಾಲಿಗೆ ಸಾಕಲು ಕೊಡುವ ರೂಢಿ ಇದೆಯಲ್ಲ, ಅಲ್ಲಿ ಸಾಕಿದವರಿಗೆ ಕರುವಿನಲ್ಲೋ ಮರಿಯಲ್ಲೋ ಒಂದು ಪಾಲು ಸಿಗುತ್ತದೆ. ಪಾಂಡಾ ಎರವಲಿನಲ್ಲಿ ಹಾಗಿಲ್ಲ. ಮೇವು ಸಾಕುವವರದು, ಕೊಟ್ಟಿಗೆ ಸಾಕುವವರದು, ವೈದ್ಯರ ಖರ್ಚು ಸಾಕುವವರದು. ಮರಿ ಹುಟ್ಟಿದರೆ ಅದು ಚೀನಾದ್ದು. ಕೆಲವು ವರ್ಷದಲ್ಲಿ ಆ ಮರಿಯನ್ನು ಕಳಿಸಿಕೊಡಬೇಕು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಕಾಡಿನಲ್ಲಿ ಇರುವುದೇ ಎರಡು ಸಾವಿರಕ್ಕೂ ಕಡಿಮೆ. ಚೀನಾದ ನಾಲ್ಕನೇ ಗಣತಿಯಲ್ಲಿ ಸಿಕ್ಕ ಲೆಕ್ಕ 1,864. ಅಂಥ ಪ್ರಾಣಿಯ ಒಂದೊಂದು ಮರಿಯೂ ಯಾವ ತಾಯಿ ತಂದೆಯದು, ಯಾವ ವಂಶದ್ದು ಎಂದು ಒಂದೇ ಕಡೆ ಲೆಕ್ಕ ಇಡುವುದು ಒಳ್ಳೆಯದೇ. ಆದರೆ ಸಹಿ ಹಾಕುವವರು ತಿಳಿದಿರಬೇಕಾದ್ದು ಏನೆಂದರೆ, ಈ ವ್ಯವಹಾರದಲ್ಲಿ ತರಿಸಿಕೊಂಡವರಿಗೆ ಸಿಗುವುದು ನೋಡಲು ಬರುವ ಜನ, ಅಷ್ಟೇ. ಉಳಿದದ್ದೆಲ್ಲ ಖರ್ಚಿನ ಕಡೆ.

ಪಾಂಡಾ ಸಾಕುವುದು ಅಂದರೆ

2014ರಲ್ಲಿ ಸಿಚುವಾನ್‌ನ ಯಾಆನ್‌ನಲ್ಲಿರುವ ಪಾಂಡಾ ಕೇಂದ್ರದಲ್ಲಿ ಒಂದು ಕೆಲಸಕ್ಕೆ ಜಾಹೀರಾತು ಬಂದಿತ್ತು. ವರ್ಷಕ್ಕೆ 2 ಲಕ್ಷ ಯುವಾನ್ ಸಂಬಳ, ಓಡಾಡಲು ಕಾರು. ವರ್ಷದ 365 ದಿನ ಪಾಂಡಾಗಳ ಜೊತೆ ಇದ್ದು ಅವುಗಳ ಸುಖ ದುಃಖದಲ್ಲಿ ಭಾಗಿಯಾಗುವುದೇ ಕೆಲಸ ಎಂದು ಬರೆದಿದ್ದರು. ಜಗತ್ತಿನ ಅತಿ ಸುಖದ ನೌಕರಿ ಎಂದು ಅದು ಎಲ್ಲ ಕಡೆ ಹರಿದಾಡಿತು. ಮರಿಗಳನ್ನು ಎತ್ತಿಕೊಂಡು ಕೂರುವ ವಿಡಿಯೋಗಳು ಈಗಲೂ ಸಿಗುತ್ತವೆ. ನೋಡಲು ಖುಷಿಯೇ. ಆದರೆ ಬೆಳೆದ ಪಾಂಡಾ ನೂರು ಕಿಲೋ ದಾಟುವ ಕರಡಿ. ಬಿದಿರಿನ ಬೊಂಬನ್ನು ಸಿಗಿಯುವ ದವಡೆ ಅದರದು. ಪಾಲಕರು ಸಾಮಾನ್ಯವಾಗಿ ಬೆಳೆದ ಪಾಂಡಾ ಇರುವ ಆವರಣದೊಳಗೆ ಕಾಲಿಡುವುದಿಲ್ಲ. ನಡುವೆ ಸರಳು ಇರುತ್ತದೆ.

ದಿನ ಶುರುವಾಗುವುದು ಲದ್ದಿಯಿಂದ. ರಾತ್ರಿ ಎಷ್ಟು ಹಾಕಿದೆ, ಉಂಡೆ ಹೇಗಿದೆ, ಬಣ್ಣ ಏನು, ಒಳಗೆ ಎಲೆಯ ಚೂರು ಜಾಸ್ತಿಯೋ ಬೊಂಬಿನ ಚೂರು ಜಾಸ್ತಿಯೋ ನೋಡುತ್ತಾರೆ. ತೂಕ ಹಾಕಿ ಬರೆದಿಡುತ್ತಾರೆ. ಪಾಂಡಾದ ಹೊಟ್ಟೆ ಮಾಂಸ ತಿನ್ನುವ ಪ್ರಾಣಿಯ ಹೊಟ್ಟೆ. ಹಸುವಿಗೆ ಇರುವ ಹಾಗೆ ನಾರನ್ನು ಕೊಳೆಸಿ ಕರಗಿಸುವ ಚೀಲ ಅದಕ್ಕಿಲ್ಲ. ತಿಂದದ್ದರಲ್ಲಿ ಐದನೇ ಒಂದು ಭಾಗವೂ ಮೈಗೆ ಹತ್ತುವುದಿಲ್ಲ. ಅದಕ್ಕೇ ದಿನದ ಹತ್ತು ಹನ್ನೆರಡು ತಾಸು ತಿನ್ನುತ್ತಲೇ ಇರುತ್ತದೆ, ದಿನಕ್ಕೆ 40 ಸಲದವರೆಗೂ ಲದ್ದಿ ಹಾಕುತ್ತದೆ. ಆಗಾಗ ಹೊಟ್ಟೆ ನುಲಿದು ಲೋಳೆ ಹೊರಬೀಳುತ್ತದೆ. ಆ ದಿನ ಪ್ರಾಣಿ ಮುದುರಿಕೊಂಡು ಮಲಗುತ್ತದೆ, ಮೇವು ಮೂಸುವುದೂ ಇಲ್ಲ. ಹೊಸಬರು ಗಾಬರಿಯಾಗುತ್ತಾರೆ. ಅನುಭವ ಇರುವ ಪಾಲಕರು ಹಿಂದಿನ ದಿನಗಳ ಬರಹ ತೆಗೆದು ನೋಡುತ್ತಾರೆ. ಹೋದ ಸಲ ಯಾವಾಗ ಬಂದಿತ್ತು, ಎಷ್ಟು ಹೊತ್ತಿಗೆ ಎದ್ದಿತ್ತು ಎಂದು ಲೆಕ್ಕ ಹಾಕಿ ಆಮೇಲೆ ವೈದ್ಯರನ್ನು ಕರೆಯುವುದೋ ಕಾಯುವುದೋ ತೀರ್ಮಾನಿಸುತ್ತಾರೆ.

ಆಮೇಲೆ ಮೇವು. ಒಂದು ಪಾಂಡಾ ದಿನಕ್ಕೆ 12ರಿಂದ 38 ಕಿಲೋವರೆಗೆ ಬಿದಿರು ತಿನ್ನುತ್ತದೆ. ತಿನ್ನುವುದು ಇಷ್ಟಾದರೆ ಮುಂದಿಡಬೇಕಾದ್ದು ಇನ್ನೂ ಎಷ್ಟೋ ಜಾಸ್ತಿ. ಯಾಕೆಂದರೆ ಅದು ಆರಿಸಿ ತಿನ್ನುವ ಪ್ರಾಣಿ. ವಸಂತದಲ್ಲಿ ಕಳಲೆ ಬೇಕು. ಬೇರೆ ಕಾಲಕ್ಕೆ ಎಲೆ ಬೇಕು. ಇನ್ನೊಂದು ಕಾಲಕ್ಕೆ ಎಲೆ ಬಿಟ್ಟು ಬೊಂಬಿನ ಸಿಪ್ಪೆ ಸುಲಿದು ತಿರುಳು ಅಗಿಯುತ್ತದೆ. ನಿನ್ನೆ ಆಸೆಪಟ್ಟು ತಿಂದ ಜಾತಿಯನ್ನು ಇವತ್ತು ಮೂಸಿ ಪಕ್ಕಕ್ಕೆ ಎಸೆಯುತ್ತದೆ. ಕಡಿದ ಬಿದಿರು ಒಣಗಿದರೆ ಮುಟ್ಟುವುದೇ ಇಲ್ಲ. ಹಾಗಾಗಿ ಕೋಲ್ಡ್ ರೂಮ್‌ನಲ್ಲಿ ಇಟ್ಟು, ನೀರು ಸಿಂಪಡಿಸಿ, ತಂದ ದಿನದ ಲೆಕ್ಕದಲ್ಲಿ ಬಳಸಬೇಕು. ಬಿದಿರಿನ ಜೊತೆಗೆ ಜೋಳ, ಸೋಯಾ, ಅಕ್ಕಿಹಿಟ್ಟು ಸೇರಿಸಿ ಹಬೆಯಲ್ಲಿ ಬೇಯಿಸಿದ ಒಂದು ಕಡುಬಿನಂಥದ್ದನ್ನೂ ಕೊಡುತ್ತಾರೆ. ಸೇಬು, ಕ್ಯಾರೆಟ್ ಅಳತೆಯಲ್ಲಿ.

ನನಗೆ ಬಹಳ ಇಷ್ಟವಾಗುವುದು ರಕ್ತ ತೆಗೆಯುವ ತರಬೇತಿ. ಮೊದಲು ಕೋಲಿನ ತುದಿಗೆ ಕಟ್ಟಿದ ಚೆಂಡನ್ನು ಸರಳಿನ ಆಚೆ ಹಿಡಿಯುತ್ತಾರೆ. ಪಾಂಡಾ ಮೂಗು ತಾಗಿಸಿದರೆ ಒಂದು ಶಬ್ದ, ಒಂದು ಸೇಬಿನ ಚೂರು. ಅಷ್ಟೇ ವಾರಗಟ್ಟಲೆ ನಡೆಯುತ್ತದೆ. ಆಮೇಲೆ ಸರಳಿಗೆ ಹೊಂದಿಸಿದ ಒಂದು ಕೊಳವೆಯೊಳಗೆ ಕೈ ಚಾಚಿ, ತುದಿಯಲ್ಲಿರುವ ಹಿಡಿಯನ್ನು ಹಿಡಿದುಕೊಳ್ಳಲು ಕಲಿಸುತ್ತಾರೆ. ಆಮೇಲೆ ತೋಳನ್ನು ಮುಟ್ಟುವುದು, ಕೂದಲು ಕತ್ತರಿಸುವುದು, ಸ್ಪಿರಿಟ್ ಸವರುವುದು. ಕೊನೆಗೆ ಸೂಜಿ. ಅಷ್ಟು ಹೊತ್ತಿಗೆ ಪಾಂಡಾ ಇನ್ನೊಂದು ಕಡೆ ಪಾಲಕರು ಹಿಡಿದ ಜೇನುತುಪ್ಪ ನೆಕ್ಕುತ್ತಾ ಕೂತಿರುತ್ತದೆ. ಅದು ಯಾವಾಗ ಬೇಕಾದರೂ ಕೈ ಎಳೆದುಕೊಳ್ಳಬಹುದು. ಎಳೆದುಕೊಂಡರೆ ಅವತ್ತಿಗೆ ಮುಗಿಯಿತು, ಬಲವಂತ ಇಲ್ಲ. ಪ್ರತಿ ಸಲ ಮತ್ತು ಬರುವ ಔಷಧಿ ಕೊಟ್ಟು ಪರೀಕ್ಷೆ ಮಾಡುವ ಅಪಾಯ ಹೀಗೆ ತಪ್ಪುತ್ತದೆ. ಈ ನಂಬಿಕೆ ಬೆಳೆಯಲು ಅದೇ ಜನ, ಅದೇ ಧ್ವನಿ, ವರ್ಷಗಟ್ಟಲೆ ಬೇಕು. ಪಾಲಕರನ್ನು ಗುತ್ತಿಗೆ ಮೇಲೆ ಆರಾರು ತಿಂಗಳಿಗೆ ಬದಲಾಯಿಸಿದರೆ ಇದು ಆಗುವ ಮಾತಲ್ಲ.

ಇಷ್ಟು ವಿವರವಾಗಿ ಹೇಳಿದ್ದು ಸುಮ್ನೆ ಅಲ್ಲ. ಈ ಕೆಲಸಗಳಲ್ಲಿ ಯಾವುದನ್ನೂ ಜನ ಕಡಿಮೆ ಬಂದರು ಎಂದು ಕಡಿಮೆ ಮಾಡಲು ಆಗುವುದಿಲ್ಲ. ಗೇಟಿನಲ್ಲಿ ಸಾವಿರ ಟಿಕೆಟ್ ಹೋದರೂ ಹತ್ತೇ ಹೋದರೂ ಬೆಳಿಗ್ಗೆ ಅದೇ ಬಿದಿರು, ಅದೇ ಪಾಲಕರು. ಅಹ್ತಾರಿಯ ಕಥೆ ತಿರುಗಿದ್ದು ಇಲ್ಲೇ.

ಲೆಕ್ಕ ಎಲ್ಲಿ ಜಾರಿತು

ಎರಡು ಪಾಂಡಾಗಳ ವರ್ಷದ ಖರ್ಚು 15 ಲಕ್ಷ ಯೂರೋ. ಚೀನಾಕ್ಕೆ ಕೊಡುವ ಸಂರಕ್ಷಣಾ ಶುಲ್ಕವೂ ಇದರಲ್ಲೇ ಸೇರಿದೆ. ಹೆಚ್ಚುಕಡಿಮೆ 14 ಕೋಟಿ ರೂಪಾಯಿ. ದಿನಕ್ಕೆ ನಾಲ್ಕು ಸಾವಿರ ಯೂರೋ ದಾಟುತ್ತದೆ. ಊರಿನ ಜನರಿಗೆ ಹಂಚಿದರೆ ಹಸುಗೂಸೂ ಸೇರಿ ತಲೆಗೆ ವರ್ಷಕ್ಕೆ 270 ಯೂರೋ. ಊರಿನವರಿಂದ ಇದು ಹುಟ್ಟುವ ಹಣವೇ ಅಲ್ಲ. ಹೊರಗಿನಿಂದ ಜನ ಬರಲೇಬೇಕು, ಅದೂ 15 ವರ್ಷ ಬಿಡದೆ.

ಮೊದಲ ದೊಡ್ಡ ತೀರ್ಮಾನ ಜಾಗದ್ದು. ಇಡೀ ಫಿನ್‌ಲ್ಯಾಂಡ್‌ನ ಜನಸಂಖ್ಯೆ ಸುಮಾರು 55 ಲಕ್ಷ. ಬೆಂಗಳೂರಿನ ಅರ್ಧವೂ ಇಲ್ಲ. ಅದರಲ್ಲಿ ದೊಡ್ಡ ಪಾಲು ಇರುವುದು ದಕ್ಷಿಣದ ತುದಿಯಲ್ಲಿ, ಹೆಲ್ಸಿಂಕಿಯ ಸುತ್ತ. ಅಹ್ತಾರಿಗೆ ಪಾಂಡಾ ಸಾಕಲು ಬೇಕಾದ ಚಳಿ ಇತ್ತು, ಜಾಗ ಇತ್ತು, ಕರಡಿ ಸಾಕಿದ ಅನುಭವ ಇತ್ತು. ಪ್ರಾಣಿಯ ದೃಷ್ಟಿಯಿಂದ ಅದು ಒಳ್ಳೆಯ ಜಾಗವೇ. ಪಾಂಡಾಕ್ಕೆ ಸೆಕೆ ಆಗದು, ಹಿಮ ಬಲು ಇಷ್ಟ. ಆದರೆ ನೋಡಲು ಬರುವ ಸಂಸಾರ ರಾಜಧಾನಿಯಿಂದ 330 ಕಿಲೋಮೀಟರ್ ಬಂದು ಅಷ್ಟೇ ದೂರ ವಾಪಸ್ ಹೋಗಬೇಕು. ಒಂದು ಸಲ ಬರುತ್ತಾರೆ. ಮಕ್ಕಳು ಹಠ ಹಿಡಿದರೆ ಎರಡನೇ ಸಲವೂ ಬರಬಹುದು. ಪ್ರತಿ ವರ್ಷ ಬರುತ್ತಾರಾ? ಪ್ರಾಣಿಗೆ ಸರಿಯಾದ ಜಾಗ, ಜನಕ್ಕೆ ದೂರದ ಜಾಗ. ಈ ಎರಡರಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಆಸೆಗೆ ಬಿಟ್ಟರು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಮೇವು. ಪಾಂಡಾದ ಹೊಟ್ಟೆಗೆ ಸಾಲುವಷ್ಟು ಬಿದಿರು ಆ ದೇಶದಲ್ಲಿ ಬೆಳೆಯುವುದಿಲ್ಲ. ಹೊರದೇಶದಿಂದ ತಾಜಾ ತರಿಸಲೇಬೇಕು. ಇದು ಎಷ್ಟು ಸೂಕ್ಷ್ಮ ಎಂಬುದನ್ನು ಕೆನಡಾ ತೋರಿಸಿಕೊಟ್ಟಿತು. ಕ್ಯಾಲ್ಗರಿ ಮೃಗಾಲಯದಲ್ಲಿದ್ದ ಎರ್ ಶುನ್, ದಾ ಮಾವೋ ಜೋಡಿ 2023ರವರೆಗೆ ಅಲ್ಲಿರಬೇಕಿತ್ತು. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತವು. ಚೀನಾದಿಂದ ನೇರ ಬರುತ್ತಿದ್ದ ಬಿದಿರು ನಿಂತಿತು. ಬೇರೆ ದಾರಿಯಲ್ಲಿ ತರಿಸಿದ್ದು ಬಂದು ಸೇರುವಷ್ಟರಲ್ಲಿ ಹಾಳಾಗುತ್ತಿತ್ತು. ಪ್ರಾಣಿಗಳು ಹಸಿದು ಇರುವ ಪರಿಸ್ಥಿತಿ ಬರುವ ಮೊದಲೇ ಬಿದಿರು ಇರುವ ಕಡೆಗೆ ಅವನ್ನು ಕಳಿಸಬೇಕು ಎಂದು ಮೃಗಾಲಯ ಮೇ ತಿಂಗಳಲ್ಲೇ ಹೇಳಿತು. ನವೆಂಬರ್‌ನಲ್ಲಿ ಅವು ಚೀನಾ ಸೇರಿದವು. ದುಡ್ಡಿದ್ದರೂ ಮೇವು ಕೈಗೆ ಸಿಗದೆ ಹೋಗಬಹುದು, ಅದೇ ಕ್ಯಾಲ್ಗರಿಯ ಪಾಠ.

ಅಹ್ತಾರಿಯಲ್ಲಿ ಮೇವು ನಿಲ್ಲಲಿಲ್ಲ, ಜನ ಬರುವುದು ನಿಂತಿತು. 2020ರ ಓಡಾಟದ ನಿರ್ಬಂಧಗಳು ಗೇಟಿನ ಹಣಕ್ಕೆ ಕೊಡಲಿ ಹಾಕಿದವು. ಆ ಮೇಲೆ ಬೆಲೆ ಏರಿಕೆ. ಕರೆಂಟು, ಸಾಗಣೆ, ಸಂಬಳ ಎಲ್ಲ ಮೇಲೆ ಹೋಯಿತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಏಷ್ಯಾದಿಂದ ಹೆಲ್ಸಿಂಕಿಗೆ ಇದ್ದ ಹತ್ತಿರದ ದಾರಿಯೇ ಹೋಯಿತು. ಏಷ್ಯಾದ ಪ್ರವಾಸಿಗರನ್ನು ನಂಬಿದ್ದ ಯಾವ ಊರಿಗೂ ಅದರ ಪೆಟ್ಟು ಬೀಳದೆ ಇರಲಾರದು. ಮೃಗಾಲಯದ ಸಾಲ ಬೆಳೆಯುತ್ತಾ ಹೋಯಿತು. ಪಾಂಡಾಗಳನ್ನು ವಾಪಸ್ ಕಳಿಸುವ ಬಗ್ಗೆ ಮಾತುಕತೆ ನಡೆದಿದೆ ಎಂದು 2023ರಲ್ಲಿ ಅವರೇ ಹೇಳಿದರು.

ಉಳಿಸಿಕೊಳ್ಳಲು ಮಾಡಿದ್ದು

ಮರಿ ಹುಟ್ಟಿದರೆ ಜನ ಮತ್ತೆ ಬರುತ್ತಾರೆ ಎಂಬುದು ಎಲ್ಲ ಪಾಂಡಾ ಮೃಗಾಲಯಗಳ ಆಸೆ. ಬರ್ಲಿನ್‌ನಲ್ಲಿ 2019ರಲ್ಲಿ ಅವಳಿ ಹುಟ್ಟಿದವು, 2024ರಲ್ಲಿ ಮತ್ತೆ ಅವಳಿ. ಅಂಥ ಅದೃಷ್ಟ ಎಲ್ಲರಿಗೂ ಇಲ್ಲ. ಹೆಣ್ಣು ಪಾಂಡಾ ಬೆದೆಗೆ ಬರುವುದು ವರ್ಷಕ್ಕೆ ಒಂದೇ ಸಲ. ಗರ್ಭ ನಿಲ್ಲುವ ಸಮಯ 24ರಿಂದ 72 ತಾಸು. ಪಾಲಕರು ದಿನವೂ ಮೂತ್ರ ಸಂಗ್ರಹಿಸಿ ಹಾರ್ಮೋನ್ ಪರೀಕ್ಷೆಗೆ ಕಳಿಸುತ್ತಾರೆ. ನಡುವೆ ಜಾಲರಿ ಇಟ್ಟು ಎರಡೂ ಪ್ರಾಣಿಗಳು ಕುರಿಯ ಹಾಗೆ ಕೂಗಿ ಒಲವು ತೋರುತ್ತವೋ, ರೇಗುತ್ತವೋ ಎಂದು ಕಿವಿಗೊಟ್ಟು ಕೂರುತ್ತಾರೆ. ವರ್ಷದ ಉಳಿದ ದಿನ ಅವು ಒಂಟಿಯಾಗಿ ಇರುವ ಪ್ರಾಣಿಗಳು. ಬೇಗ ಬಿಟ್ಟರೆ ಕಚ್ಚಾಡುತ್ತವೆ, ತಡ ಮಾಡಿದರೆ ಒಂದು ವರ್ಷ ಹೋಯಿತು. ಗರ್ಭ ನಿಂತಿದೆಯೋ ಇಲ್ಲವೋ ಹೇಳುವುದೂ ಕಷ್ಟ, ಸುಳ್ಳು ಗರ್ಭದಲ್ಲೂ ಹಾರ್ಮೋನ್ ಹಾಗೆಯೇ ಏರುತ್ತದೆ. ಅಹ್ತಾರಿಯಲ್ಲಿ ಮರಿ ಆಗಲಿಲ್ಲ. ಎಡಿನ್‌ಬರಾದಲ್ಲಿ 2011ರಿಂದ 2023ರವರೆಗೆ ಇದ್ದ ಜೋಡಿಗೂ ಆಗಲಿಲ್ಲ. ಇದರಲ್ಲಿ ಪಾಲಕರ ತಪ್ಪು ಹುಡುಕುವುದು ಅನ್ಯಾಯ. ಮರಿಯ ಮೇಲೆ ಹಣಕಾಸಿನ ಆಸೆ ಇಡುವುದೇ ತಪ್ಪು ಲೆಕ್ಕ. ಹುಟ್ಟಿದಾಗ ಬರೀ ನೂರು ಗ್ರಾಂ ತೂಗುವ ಜೀವದ ಮೇಲೆ ಒಂದು ಸಂಸ್ಥೆಯ ಸಾಲದ ಭಾರ ಹೊರಿಸಿದ ಹಾಗೆ ಆಗುತ್ತದೆ.

ಮುಂದಿನ ದಾರಿ ಸರ್ಕಾರ. ಒಪ್ಪಂದ ಆದಾಗ ಅದು ದೇಶದ ಹೆಮ್ಮೆಯ ವಿಷಯ. ಹಾಗಾದರೆ ಕಷ್ಟ ಬಂದಾಗ ದೇಶ ಕೈ ಹಿಡಿಯಬೇಕು ಅಲ್ವಾ? ಮೃಗಾಲಯ ಹಣ ಕೇಳಿತು. 2023ರಲ್ಲಿ ಸರ್ಕಾರ ಕೊಡುವುದಿಲ್ಲ ಎಂದಿತು. ಇದು ಪ್ರಕರಣದ ನಿಜವಾದ ತಿರುವು. ಅಲ್ಲಿಯವರೆಗೆ 'ಯಾರಾದರೂ ಸಹಾಯ ಮಾಡಿಯಾರು' ಎಂಬ ಬಾಗಿಲು ಅರ್ಧ ತೆರೆದಿತ್ತು. ಅವತ್ತು ಮುಚ್ಚಿತು. ಸರ್ಕಾರದ ಕಡೆಯನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆಸ್ಪತ್ರೆ, ಶಾಲೆಗಳ ಖರ್ಚನ್ನೇ ಕಡಿಮೆ ಮಾಡುತ್ತಿರುವಾಗ ಪಾಂಡಾಗೆ ಕೊಡಿ ಎಂದು ಯಾವ ಮಂತ್ರಿ ಹೇಳಿಯಾನು? ಆದರೆ ಹೆಮ್ಮೆ ದೇಶದ್ದು, ಬಿಲ್ಲು ಸಣ್ಣ ಊರಿನ ಮೃಗಾಲಯದ್ದು ಎಂಬ ಏರ್ಪಾಡನ್ನು 2017ರಲ್ಲೇ ಯಾರಾದರೂ ಪ್ರಶ್ನಿಸಬೇಕಿತ್ತು. ಸಹಿಯ ದಿನ ಕೇಳಿದ್ದರೆ ಕಾಗದದಲ್ಲಿ ಏನಾದರೂ ಬರೆಸಿಕೊಳ್ಳಬಹುದಿತ್ತು. ಸಾಲ ಆದ ಮೇಲೆ ಕೇಳಿದರೆ ಅದು ಬೇಡುವುದು ಆಗುತ್ತದೆ.

ಚೀನಾ ಕೂಡ ಸಹಾಯಕ್ಕೆ ಪ್ರಯತ್ನಪಟ್ಟಿತು ಎಂದು ಹೆಲ್ಸಿಂಕಿಯ ಚೀನಾ ರಾಯಭಾರ ಕಚೇರಿ ಹೇಳಿದೆ. ಕೊನೆಗೆ ಎರಡೂ ಕಡೆಯವರು ಕೂತು ಮಾತಾಡಿ ವಾಪಸ್ ಕಳಿಸುವುದೇ ಸರಿ ಎಂದರು. ಈ ಮಾತುಕತೆ ಮೂರು ವರ್ಷ ನಡೆಯಿತು. ಮೂರು ವರ್ಷವೂ ಖರ್ಚು ಓಡುತ್ತಲೇ ಇತ್ತು. ಹೊರಬರುವ ದಾರಿ ಒಪ್ಪಂದದಲ್ಲಿ ಸಲೀಸಾಗಿ ಇರದಿದ್ದರೆ ಹೊರಬರಲೂ ಹಣ ಬೇಕು.

ವಾಪಸ್

2024ರ ಸೆಪ್ಟೆಂಬರ್‌ನಲ್ಲಿ ವಿಷಯ ಹೊರಬಂತು. ಫಿನ್‌ಲ್ಯಾಂಡ್ ಅದರ ಹಿಂದಿನ ವರ್ಷವಷ್ಟೇ ಅಮೆರಿಕ ಇರುವ ಮಿಲಿಟರಿ ಕೂಟ ನ್ಯಾಟೋ ಸೇರಿತ್ತು. ಹಾಗಾಗಿ ಇದರಲ್ಲಿ ರಾಜಕೀಯ ಇದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಇದು ಮೃಗಾಲಯ ತೆಗೆದುಕೊಂಡ ವ್ಯಾಪಾರದ ತೀರ್ಮಾನ, ಸರ್ಕಾರಕ್ಕೆ ಸಂಬಂಧ ಇಲ್ಲ, ಎರಡು ದೇಶಗಳ ನಂಟಿಗೂ ಇದರಿಂದ ತೊಂದರೆ ಇಲ್ಲ ಎಂದು ವಿದೇಶಾಂಗ ಸಚಿವಾಲಯ ಹೇಳಿತು. ಖರ್ಚಿನ ಅಂಕಿ ಮುಂದಿಟ್ಟುಕೊಂಡು ನೋಡಿದರೆ ನಂಬದಿರಲು ಕಾರಣ ಕಾಣುವುದಿಲ್ಲ.

ಹೊರಡುವ ಮೊದಲು ಒಂದು ತಿಂಗಳ ಕ್ವಾರಂಟೈನ್. ಜನರಿಗೆ ನೋಡಲು ಬಿಡುವುದಿಲ್ಲ. ಪಾಲಕರಿಗೆ ಈ ತಿಂಗಳೇ ಜಾಸ್ತಿ ಕೆಲಸ. ಪಾಂಡಾವನ್ನು ಪ್ರಯಾಣದ ಪೆಟ್ಟಿಗೆಗೆ ಒಗ್ಗಿಸಬೇಕು. ಪೆಟ್ಟಿಗೆಯನ್ನು ಮೊದಲೇ ತಂದಿಟ್ಟು, ಒಳಗೆ ಬಿದಿರು ಹಾಕಿ, ತಾನಾಗಿ ಒಳಗೆ ಹೋಗಿ ತಿಂದು ಬರುವ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಬಾಗಿಲು ಒಂದು ನಿಮಿಷ ಮುಚ್ಚುವುದು, ಆಮೇಲೆ ಸ್ವಲ್ಪ ಜಾಸ್ತಿ. ಹೊರಡುವ ದಿನ ಪ್ರಾಣಿಗೆ ಅದು ಹೊಸ ಜಾಗ ಅನಿಸಬಾರದು. ಇಷ್ಟು ವರ್ಷ ಸಾಕಿದವರೇ ಕಳಿಸುವ ತಯಾರಿಯನ್ನೂ ಮಾಡಬೇಕು. ಇದು ಎರವಲು ಪಾಂಡಾ ಸಾಕುವ ಪ್ರತಿಯೊಬ್ಬರ ಕೆಲಸದಲ್ಲೂ ಇರುವ ನೋವು. ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್‌ನಲ್ಲಿ 2020ರ ಜುಲೈನಲ್ಲಿ ಹುಟ್ಟಿದ ಫು ಬಾವೋ ಎಂಬ ಹೆಣ್ಣುಮರಿಯನ್ನು 2024ರ ಏಪ್ರಿಲ್‌ನಲ್ಲಿ ಚೀನಾಕ್ಕೆ ಕಳಿಸಿದರು. ಹುಟ್ಟಿದಾಗಿನಿಂದ ಅದನ್ನು ನೋಡಿಕೊಂಡ ಪಾಲಕರ ತಾಯಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದರು. ಆದರೂ ಅವರು ವಿಮಾನ ಹತ್ತಿ ಅದರ ಜೊತೆ ಹೋದರು. ಅಪರಿಚಿತ ಪ್ರಯಾಣದಲ್ಲಿ ಪ್ರಾಣಿಗೆ ಪರಿಚಯದ ಒಂದು ಧ್ವನಿ ಬೇಕು ಎಂಬುದು ಅವರಿಗೆ ಅಷ್ಟು ದೊಡ್ಡದಾಗಿತ್ತು. ಒಪ್ಪಂದದ ಕಾಗದದಲ್ಲಿ ಇಂಥದ್ದಕ್ಕೆಲ್ಲ ಒಂದು ಸಾಲೂ ಇರುವುದಿಲ್ಲ.

ಈ ಪ್ರಕರಣದಲ್ಲಿ ನಮಗೆ ಏನಿದೆ

ಕೆಲವರಿಗೆ ಇದು ಅಹ್ತಾರಿಯ ಸೋಲಾಗಿ ಕಾಣಬಹುದು. ನನಗೆ ಹಾಗೆ ಅನಿಸುವುದಿಲ್ಲ. ತರಿಸಿಕೊಂಡ ತೀರ್ಮಾನದಲ್ಲಿ ದೋಷ ಇತ್ತು, ವಾಪಸ್ ಕಳಿಸಿದ ತೀರ್ಮಾನದಲ್ಲಿ ಇಲ್ಲ. ಹಣ ಮುಗಿಯುತ್ತಿರುವ ಸಂಸ್ಥೆಯಲ್ಲಿ ಏನಾಗುತ್ತದೆ ಎಂದು ಪ್ರಾಣಿ ಸಾಕುವವರಿಗೆಲ್ಲ ಗೊತ್ತು. ಮೊದಲು ಒಬ್ಬ ಪಾಲಕ ಕಡಿಮೆಯಾಗುತ್ತಾನೆ. ಆಮೇಲೆ ಮೇವಿನ ಗುಣಮಟ್ಟ. ಆಮೇಲೆ ಪರೀಕ್ಷೆಗಳು 'ಮುಂದಿನ ತಿಂಗಳು ನೋಡೋಣ' ಎಂದು ಮುಂದೆ ಹೋಗುತ್ತವೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ, ಪ್ರಾಣಿ ಮಾತ್ರ ಸೊರಗುತ್ತದೆ. ಆ ಹಂತಕ್ಕೆ ಕಾಯದೆ, ಎಂಟು ವರ್ಷ ಬಾಕಿ ಇರುವಾಗಲೇ ಎಲ್ಲರೆದುರು 'ನಮ್ಮಿಂದ ಆಗುತ್ತಿಲ್ಲ' ಎಂದು ಹೇಳುವುದಕ್ಕೆ ಧೈರ್ಯ ಬೇಕು. 80 ಲಕ್ಷ ಯೂರೋ ಸುರಿದು ಕಟ್ಟಿದ ಮನೆ ಕಣ್ಣೆದುರು ಇರುವಾಗ ಹೇಳುವುದು ಇನ್ನೂ ಕಷ್ಟ. 'ಇಷ್ಟು ಹಾಕಿದ್ದೀವಿ, ಇನ್ನೊಂದು ವರ್ಷ ನೋಡೋಣ' ಎಂಬ ಮಾತು ಎಷ್ಟು ಸಂಸ್ಥೆಗಳನ್ನು ಮುಳುಗಿಸಿಲ್ಲ!

ನಮ್ಮ ಮೃಗಾಲಯಗಳಲ್ಲಿ ಪಾಂಡಾ ಇಲ್ಲ, ಬರುವ ಸೂಚನೆಯೂ ಇಲ್ಲ. ಆದರೆ ಎರವಲು, ವಿನಿಮಯ ನಮಗೆ ಹೊಸದಲ್ಲ. 2021ರಲ್ಲಿ ಮೈಸೂರು ಮೃಗಾಲಯಕ್ಕೆ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ವಿನಿಮಯದಲ್ಲಿ ಜಪಾನ್‌ನ ಹಿಮೆಜಿಗೆ ವಿಮಾನ ಹತ್ತಿದವು. ಗೇಟಿನ ಹಣದ ಮೇಲೆ ನಿಂತ ಮೃಗಾಲಯ ಲಾಕ್‌ಡೌನ್‌ನಲ್ಲಿ ಏನಾಗುತ್ತದೆ ಎಂಬುದನ್ನೂ ಮೈಸೂರು 2020ರಲ್ಲಿ ಕಂಡಿದೆ. ಆಗ ಕೈ ಹಿಡಿದದ್ದು ದಾನಿಗಳು, ಪ್ರಾಣಿಗಳನ್ನು ದತ್ತು ತೆಗೆದುಕೊಂಡ ಸಾಮಾನ್ಯ ಜನ. ಒಂದು ಆನೆಗೋ ಒಂದು ಗಿಳಿಗೋ ವರ್ಷದ ಮೇವಿನ ಹಣ ಕೊಡುವ ಆ ದತ್ತು ಯೋಜನೆಯನ್ನು ನಾನು ಬಹಳ ಬೆಲೆಯುಳ್ಳದ್ದು ಎಂದು ಭಾವಿಸುತ್ತೇನೆ. ಟಿಕೆಟ್ ಮಾರಾಟ ಕುಸಿದ ದಿನವೂ ಅಲ್ಲಿಂದ ಒಂದಿಷ್ಟು ಹಣ ಬರುತ್ತದೆ. ಅಹ್ತಾರಿಗೆ ಅಂಥ ಆಸರೆ ಬೇಕಾದಷ್ಟು ದೊಡ್ಡದಾಗಿ ಇರಲಿಲ್ಲ.

ಇನ್ನು ಮುಂದೆ ಇಲ್ಲಿಗೆ ಯಾವುದೇ ದೊಡ್ಡ ಪ್ರಾಣಿಯನ್ನು ಹೊರಗಿನಿಂದ ತರುವ ಮಾತು ಬಂದಾಗ ಆ ಸಭೆಯಲ್ಲಿ ಒಬ್ಬ ಹಿರಿಯ ಪಾಲಕರನ್ನು ಕೂರಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಎಂಜಿನಿಯರ್ ಕಟ್ಟಡದ ಲೆಕ್ಕ ಕೊಡುತ್ತಾರೆ, ಅಧಿಕಾರಿ ಉದ್ಘಾಟನೆಯ ದಿನಾಂಕ ಕೇಳುತ್ತಾರೆ. ಆರನೇ ವರ್ಷದ ಜೂನ್ ತಿಂಗಳಲ್ಲಿ, ಮಳೆಗೆ ಜನ ಬರದ ವಾರದಲ್ಲಿ, ಈ ಪ್ರಾಣಿಯ ಮುಂದೆ ಏನಿಡಬೇಕು, ಅದು ಎಲ್ಲಿಂದ ಬರುತ್ತದೆ, ಬರದಿದ್ದರೆ ಬೇರೆ ಏನಿದೆ, ಎಷ್ಟು ಕೈ ಬೇಕು ಎಂಬುದನ್ನು ಹೇಳಬಲ್ಲವರು ಪಾಲಕರು ಮಾತ್ರ. ಅವರು ಹೇಳಿದ ಮೊತ್ತವನ್ನು ಮೊದಲ ವರ್ಷದ ಗದ್ದಲದ ಆದಾಯದ ಜೊತೆ ಹೋಲಿಸದೆ, ತೀರಾ ಕೆಟ್ಟ ವರ್ಷದ ಆದಾಯದ ಜೊತೆ ಹೋಲಿಸಬೇಕು. ಅದು ಹೊಂದದಿದ್ದರೆ ಉಳಿದ ಹಣ ಯಾರು ಕೊಡುತ್ತಾರೆ ಎಂದು ಸಹಿಗೆ ಮೊದಲು ಬರೆದು ಕೊಡಲಿ. ವಾಪಸ್ ಕಳಿಸಬೇಕಾಗಿ ಬಂದರೆ ಎಷ್ಟು ತಿಂಗಳ ನೋಟಿಸ್, ಸಾಗಣೆಯ ಖರ್ಚು ಯಾರದು, ಜೊತೆಗೆ ಯಾವ ಪಾಲಕರು ಹೋಗುತ್ತಾರೆ ಎಂಬುದೂ ಅದೇ ಕಾಗದದಲ್ಲಿ ಇರಲಿ.